ಸಂಕಟದ ಅಂಕಿ

ದಾಕ್ಷಾಯಿಣಿ ತನ್ನ ಕೈಯ ಚರ್ಮವನ್ನು ತಾನೇ ಕಿತ್ತುಕೊಳ್ಳುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳ ಮನೆಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಅದನ್ನೇ, ಆಮೇಲೆ ಏನೂ ನೋಡದವರಂತೆ ಕಾಫಿ ಕುಡಿಯುತ್ತಿದ್ದದ್ದೂ ಅದರ ಎದುರಿಗೇ.

ಅವಳಿಗೆ ಹದಿನೇಳು ವರ್ಷ. ಆಟಿಸಂ ಇತ್ತು, ಮಾತು ಬಂದಿರಲಿಲ್ಲ. ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಗಾಯದ ಹಕ್ಕಳೆ, ಅದರ ಪಕ್ಕದಲ್ಲಿ ಹೊಸ ಗಾಯ. ಬಲಗೈಯ ಬೆರಳುಗಳು ಹಕ್ಕಳೆಯ ಅಂಚನ್ನು ಹುಡುಕಿ, ಉಗುರಿನಿಂದ ಎಬ್ಬಿಸಿ, ಮೆಲ್ಲಗೆ ಸುಲಿಯುತ್ತಿದ್ದವು. ಹಿಂದಿನ ವರ್ಷ ಗಾಯ ಕೀವಾಗಿ, ವಿಷ ರಕ್ತಕ್ಕೇರಿ, ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದಳು. ಇನ್ನೊಂದು ಸಲ ಹೀಗಾದರೆ ಕೈ ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ತಾಯಿ ಸರ್ವಮಂಗಳ ಮಾಡದ ಉಪಾಯವಿಲ್ಲ. ಮಗಳ ಕೈಗೆ ಕಾಲುಚೀಲ ತೊಡಿಸಿ ಕಟ್ಟಿದರು. ಹಲ್ಲಿನಿಂದ ಬಿಚ್ಚಿದಳು. ರಬ್ಬರ್ ಚೆಂಡು ಕೊಟ್ಟರು, ಮಣಿಸರ ಕೊಟ್ಟರು, ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ ಕೊಟ್ಟರು. ಒಂದೆರಡು ದಿನ ಮುಟ್ಟಿ ನೋಡಿ ಬಿಟ್ಟಳು. ಬೆಳ್ಳುಳ್ಳಿ ಸುಲಿಯುವುದು ಮಾತ್ರ ಹಿಡಿಸಿತು. ಅದಕ್ಕಿಂತ ಹೆಚ್ಚು ಹಿಡಿಸಿದ್ದು ನೆನೆಸಿದ ಅವರೆಕಾಳು ಹಿತುಕುವುದು. ಬೆರಳು ಒತ್ತಿದರೆ ಸಿಪ್ಪೆ ಜಾರಿ ಬೇಳೆ ಹಾರುತ್ತದಲ್ಲ, ಆ ಜಾರುವಿಕೆ ಅವಳಿಗೆ ಬೇಕಿತ್ತು. ಅವರೆಯ ಕಾಲದಲ್ಲಿ ಮೈಸೂರಿನ ಗಾಯತ್ರಿಪುರಂನ ಆ ಮನೆಯಲ್ಲಿ ದಿನವೂ ಹಿತಕಿದಬೇಳೆ ಸಾರು. ಅಕ್ಕಪಕ್ಕದವರೂ ಪಾತ್ರೆ ಹಿಡಿದು ಬಂದು ಸಾರು ಒಯ್ಯುತ್ತಿದ್ದರು. ಸೊಗಡಿನ ಅವರೆಕಾಯಿ ಮಾರುಕಟ್ಟೆಯಿಂದ ಮರೆಯಾದ ವಾರವೇ ಕೈ ಮತ್ತೆ ರಕ್ತವಾಗುತ್ತಿತ್ತು.

ಇಂಥ ಮನೆಗಳಿಗೆ ಉತ್ತರ ಹುಡುಕುತ್ತಿದ್ದವಳು ಮೇದಿನಿ. ಅದೇ ಊರಿನ ಹೊರವಲಯದ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿ. ಕೆಲಸದಲ್ಲಿ ಹುಲಿ, ಜನರ ಜೊತೆ ಬೆರೆಯುವುದರಲ್ಲಿ ಅಷ್ಟಕ್ಕಷ್ಟೆ. ಎಲ್ಲರೂ ಕೀಳುವ ಬೆರಳನ್ನು ತಡೆಯಲು ಹೊರಟಿದ್ದಾಗ ಅವಳಿಗೆ ಬೇರೊಂದು ಪ್ರಶ್ನೆ ಹೊಳೆಯಿತು. ಬೆರಳನ್ನು ಅದರ ಪಾಡಿಗೆ ಬಿಟ್ಟು, ಕೀಳಲು ಇನ್ನೊಂದು ಚರ್ಮವನ್ನೇ ಕೊಟ್ಟರೆ?

ತೆಂಗಿನಕಾಯಿಯ ನೀರು ಹುಳಿ ಬಂದರೆ ಮೇಲೆ ದಪ್ಪಗೆ ಕೆನೆ ಕಟ್ಟುವುದುಂಟು. ಅದು ಕೆನೆಯಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೇಯ್ದ ನಾರಿನ ಬಟ್ಟೆ. ಮೇದಿನಿ ಆ ಜೀವಿಗಳನ್ನು ಪಳಗಿಸಿದಳು. ಅವು ನೇಯುವ ಬಟ್ಟೆ ಪದರ ಪದರವಾಗಿ, ಅಲ್ಲಲ್ಲಿ ಅಂಚು ಎದ್ದು, ಹಕ್ಕಳೆಯಂತೆ ಉಗುರಿಗೆ ಸಿಗುವ ಹಾಗೆ ಮಾಡಿದಳು. ಎಷ್ಟು ಬಲಕ್ಕೆ ಪದರ ಬಿಡಬೇಕು ಎಂಬ ಲೆಕ್ಕಕ್ಕೆ ಸರ್ವಮಂಗಳರ ಮನೆಯಿಂದ ತರಿಸಿದ ಅವರೆಕಾಳನ್ನೇ ಯಂತ್ರಕ್ಕಿಟ್ಟು ಅಳೆದಳು. ಹೆಸರು ‘ಪೊರೆ’. ರಾತ್ರಿ ತಟ್ಟೆಯಲ್ಲಿಟ್ಟು ತೆಂಗಿನ ನೀರು, ಒಂದು ಚಮಚ ಸಕ್ಕರೆ ಹಾಕಿದರೆ ಬೆಳಿಗ್ಗೆಗೆ ಕಿತ್ತಷ್ಟೂ ಬೆಳೆದಿರುತ್ತಿತ್ತು. ತೊಳೆದು ತೋಳಿಗೆ ಸುತ್ತಿಕೊಂಡರಾಯಿತು.

ದಾಕ್ಷಾಯಿಣಿ ಮೊದಲ ದಿನ ಅದನ್ನು ಮೂಸಿದಳು, ಕೆನ್ನೆಗೆ ಒತ್ತಿಕೊಂಡಳು, ನಾಲಿಗೆಗೂ ತಾಗಿಸಿದಳು. ಆಮೇಲೆ ಕಿಟಕಿಯ ಪಕ್ಕ ಕೂತು ಒಂದು ಅಂಚು ಹುಡುಕಿ ಸುಲಿಯತೊಡಗಿದಳು. ಅವಳ ತಂದೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಹದೇವಪ್ರಸಾದ್, ಬಾಗಿಲಲ್ಲೇ ನಿಂತು ನೋಡಿ ಹಿತ್ತಲಿಗೆ ಹೋಗಿ ಅತ್ತು ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಮಗಳ ಕೈಯ ಮೇಲೆ ಹೊಸ ಚರ್ಮ ಬಂದಿತ್ತು. ಸರ್ವಮಂಗಳ ಅಷ್ಟು ವರ್ಷದ ಮೇಲೆ ಆ ಕೈಗೆ ಗಾಜಿನ ಬಳೆ ತೊಡಿಸಿದರು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಪ್ರಯೋಗಾಲಯ ಎಂದ ಮೇಲೆ ಅಳೆಯದೆ ಬಿಡುತ್ತಾರೆಯೇ?

ಪೊರೆಯ ಒಳಗೆ ಕೂದಲಿಗಿಂತ ತೆಳುವಾದ ಬೆಳ್ಳಿಯ ಎಳೆಯೊಂದನ್ನು ಹಾಯಿಸಿದ್ದರು. ಯಾವಾಗ ಕಿತ್ತಳು, ಎಷ್ಟು ಜೋರಾಗಿ ಕಿತ್ತಳು ಎಂಬುದು ಅದರಿಂದ ಪ್ರಯೋಗಾಲಯದ ಪರದೆಗೆ ಹೋಗುತ್ತಿತ್ತು. ಮನೆಯ ಪ್ರತಿಯೊಬ್ಬರಿಗೂ, ನಾಯಿ ಸಾಕಿದ್ದರೆ ಅದರ ಕೊರಳಪಟ್ಟಿಗೂ, ಒಂದು ಪುಟ್ಟ ಗುಂಡಿ. ಹುಡುಗಿಯ ಹತ್ತಿರ ಯಾರಿದ್ದಾರೆ ಎಂದು ಅದು ಹೇಳುತ್ತಿತ್ತು. ಸರ್ವಮಂಗಳ ತಮ್ಮ ಗುಂಡಿಯನ್ನು ತಾಳಿಸರದಲ್ಲಿ, ಪಿನ್ನುಗಳ ಗೊಂಚಲಿನ ನಡುವೆ ಸಿಕ್ಕಿಸಿಕೊಂಡಿದ್ದರು. ಇದನ್ನೆಲ್ಲ ಕೂಡಿಸಿ ಕಳೆದು ಯಂತ್ರ ಒಂದು ಅಂಕಿ ಕೊಡುತ್ತಿತ್ತು. ಸಂಕಟದ ಅಂಕಿ. ಹೆಸರಿಟ್ಟವಳು ಮೇದಿನಿಯೇ.

ಆ ಅಂಕಿಯ ಹುಟ್ಟು ಆಸ್ಪತ್ರೆಯ ಪಡಸಾಲೆಗಳಲ್ಲಿ. ಇಂಜೆಕ್ಷನ್ನಿಗೆ ಸರದಿ ಕಾಯುತ್ತ ಕೂತ ಮಕ್ಕಳು, ಹಲ್ಲುನೋವಿನ ಮಕ್ಕಳು, ಗದ್ದಲಕ್ಕೆ ಹೆದರಿ ಮೂಲೆ ಸೇರಿದ ಮಕ್ಕಳು ಹೇಗೆ ಚರ್ಮ ಕೀಳುತ್ತಾರೆ ಎಂಬುದನ್ನು ಯಂತ್ರಕ್ಕೆ ಕಲಿಸಿದ್ದರು. ಖುಷಿಯಾಗಿರುವ ಮಗುವನ್ನು ಯಾರೂ ಆಸ್ಪತ್ರೆಗೆ ಕರೆತರುವುದಿಲ್ಲ. ಹಾಗಾಗಿ ಅಂಥ ಮಗುವಿನ ಬೆರಳು ಏನು ಮಾಡುತ್ತದೆ ಎಂದು ಯಂತ್ರಕ್ಕೂ ಗೊತ್ತಿರಲಿಲ್ಲ, ಅದಕ್ಕೆ ಕಲಿಸಿದವರಿಗೂ ಗೊತ್ತಿರಲಿಲ್ಲ. ಈ ಮಾತು ಅವರಿಗೆ ಆಗ ಹೊಳೆಯಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಮೇದಿನಿ ತಂದೆತಾಯಿಯನ್ನು ಪ್ರಯೋಗಾಲಯಕ್ಕೆ ಕರೆಸಿದಳು. ಪರದೆಯ ಮೇಲೆ ಒಂದು ಗೆರೆ ಬೆಟ್ಟಗುಡ್ಡದ ಹಾಗೆ ಏರಿ ಇಳಿದಿತ್ತು. ಏರಿದ ಕಡೆಯಲ್ಲೆಲ್ಲ ಕೆಂಪು ಚುಕ್ಕೆ.

“ಈ ಕೆಂಪು ಏನು ಮೇಡಮ್?” ಎಂದು ಮಹದೇವಪ್ರಸಾದ್ ಕೇಳಿದರು.

ಮೇದಿನಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅದು ಅಮ್ಮ ಹತ್ತಿರ ಇರೋ ಹೊತ್ತು.”

ಸರ್ವಮಂಗಳ ನಕ್ಕರು. ತಮಾಷೆ ಎಂದುಕೊಂಡಿದ್ದರು. ಆಮೇಲೆ ಗಂಡನ ಮುಖ ನೋಡಿದರು.

“ಅಂದ್ರೆ, ನಾನು ಬಂದಾಗ್ಲೇ ಅವಳಿಗೆ ಸಂಕಟನಾ?”

“ಬೇಜಾರು ಮಾಡ್ಕೋಬೇಡಿ. ನೀವು ಬೇಕು ಅಂತ ಏನೂ ಮಾಡ್ತಿಲ್ಲ. ಮಾತಾಡಿಸೋದು, ತಿನ್ನಿಸೋದು, ಮುಟ್ಟೋದು, ಇವೆಲ್ಲ ಕೆಲವು ಮಕ್ಕಳಿಗೆ ಭಾರ ಆಗುತ್ತೆ. ಯಂತ್ರ ಅದನ್ನೇ ತೋರಿಸ್ತಿರೋದು.”

“ಹದಿನೇಳು ವರ್ಷದಿಂದ ಒಂದು ಹೊತ್ತೂ ಬಿಟ್ಟಿದ್ದಿಲ್ಲ ಮೇಡಮ್. ನಮ್ಮಕ್ಕನ ಮಗಳ ಮದುವೆಗೂ ನಾನು ಹೋಗ್ಲಿಲ್ಲ.”

ಮೇದಿನಿಗೆ ಗೆರೆಯನ್ನು ಓದುವುದು ಬರುತ್ತಿತ್ತು, ಎದುರಿಗೆ ಕೂತವರನ್ನು ಓದುವ ಅಭ್ಯಾಸವಿರಲಿಲ್ಲ. ಸ್ವಲ್ಪ ಕಾಲ ದೂರ ಇದ್ದು ನೋಡಿ ಎಂದಳು. ಅಂಕಿ ಇಳಿದು ಸ್ಥಿರವಾದರೆ ಪೊರೆ ಕೆಲಸ ಮಾಡಿತು ಎಂದರ್ಥ. ಇಳಿಯದಿದ್ದರೆ ಆ ಮನೆಗೆ ಪೊರೆ ಒಗ್ಗಲಿಲ್ಲ ಎಂದು ನಿಯಮದ ಪ್ರಕಾರ ವಾಪಸು ಪಡೆಯಬೇಕಾಗುತ್ತದೆ. ಅದನ್ನೂ ಹೇಳಿದಳು.

ಸರ್ವಮಂಗಳರಿಗೆ ಮಗಳ ಕೈಯ ಬಳೆ ಕಣ್ಮುಂದೆ ಬಂತು. ಮಾರನೆಯ ದಿನವೇ ನಂಜನಗೂಡಿನ ಅಕ್ಕನ ಮನೆಗೆ ಹೊರಟರು. ಹೊರಡುವಾಗ ಮಗಳ ಹತ್ತಿರ ಹೋಗಲಿಲ್ಲ. ಹೋದರೆ ಅಂಕಿ ಏರುತ್ತದಲ್ಲ.

ಅಂಕಿ ಇಳಿಯಿತು. ಮೊದಲು ಅರ್ಧಕ್ಕೆ, ಆಮೇಲೆ ಇನ್ನೂ ಕೆಳಗೆ, ಕೊನೆಗೆ ಗೆರೆ ನೆಲಕ್ಕೆ ಮಲಗಿತು. ಪ್ರಯೋಗಾಲಯದ ನಿರ್ದೇಶಕ ಪದ್ಮಪ್ರಸಾದ್ ಎಲ್ಲರಿಗೂ ಚಿರೋಟಿ ತರಿಸಿದರು. ಪೊರೆ ಸುತ್ತಿಕೊಂಡಿದ್ದ ಬೇರೆ ಮನೆಗಳಲ್ಲೂ ಯಂತ್ರ ಇದೇ ರೀತಿ ಕೆಂಪು ಚುಕ್ಕೆ ಹುಡುಕಿ, ಯಾರು ದೂರ ಇರಬೇಕು ಎಂದು ಹೆಸರು ಹೇಳುತ್ತಿತ್ತು. ಅಲ್ಲೆಲ್ಲ ಗೆರೆಗಳು ಮಲಗುತ್ತಿದ್ದವು. ಈ ಸಲಹೆಯನ್ನು ರಾಜ್ಯದಾದ್ಯಂತ ಕಳಿಸಿದ್ದು ಮೇದಿನಿಯ ಸಹಿಯೊಂದಿಗೇ.

ಮಹದೇವಪ್ರಸಾದ್ ಡಿಪೋಗೆ ರಜೆ ಹಾಕಿ ಮಗಳನ್ನು ನೋಡಿಕೊಂಡರು. ಅನ್ನ ಸಾರು ಮಾಡಲು ಕಲಿತರು, ಜಡೆ ಹಾಕಲು ಬರದೆ ಒಂದು ಗಂಟು ಹಾಕಿ ಬಿಟ್ಟರು. ದಾಕ್ಷಾಯಿಣಿ ಗಲಾಟೆ ಮಾಡಲಿಲ್ಲ. ಕೊಟ್ಟಿದ್ದು ತಿಂದಳು, ಕೂರಿಸಿದಲ್ಲಿ ಕೂತಳು. ತೋಳಿನ ಪೊರೆ ಸಂಜೆಗೂ ಬೆಳಿಗ್ಗೆ ಸುತ್ತಿದ ಹಾಗೇ ಇರುತ್ತಿತ್ತು. ಮೊದಲೆಲ್ಲ ಅವಳು ಮೂಗಿನಲ್ಲಿ ಒಂದೇ ಸ್ವರ ಹಿಡಿದು ಗುಂಯ್ ಎನ್ನುತ್ತಿದ್ದಳು. ಬೀದಿಯವರೆಗೂ ಕೇಳುತ್ತಿತ್ತು. ಅದೂ ನಿಂತಿತು. ಮನೆ ನಿಶ್ಶಬ್ದವಾಯಿತು ಎಂದು ಅವರು ಒಂದು ದಿನ ಹೆಂಡತಿಗೆ ಫೋನಿನಲ್ಲಿ ಹೇಳಿದರು.

“ನೆಮ್ಮದಿಯಾಗಿದ್ದಾಳೇನ್ರೀ?” ಎಂದರು ಸರ್ವಮಂಗಳ.

“ಸುಮ್ನಿದ್ದಾಳೆ ಕಣೇ,” ಎಂದರು ಅವರು. ಎರಡೂ ಒಂದೇ ಅಲ್ಲ ಎಂದು ಹೇಳುವಾಗಲೇ ಅನಿಸಿತ್ತಂತೆ.

ಒಂದು ಭಾನುವಾರ ಮಗಳಿಗೆ ತಲೆಗೆ ನೀರು ಹಾಕಲು ಗಂಟು ಬಿಚ್ಚಿದಾಗ ಅವರ ಬೆರಳಿಗೆ ಅಂಟಂಟು ತಾಗಿತು. ಕೂದಲು ಸರಿಸಿ ನೋಡಿದರೆ ಹಿಂಗತ್ತಿನಲ್ಲಿ ಅಂಗೈಯಗಲ ಹಸಿ ಗಾಯ. ಹೊಸದಲ್ಲ, ದಿನವೂ ಕಿತ್ತು ಕಿತ್ತು ಆಳವಾದದ್ದು. ತೋಳಿನ ಮೇಲೆ ಪೊರೆ ಅಖಂಡವಾಗಿತ್ತು. ಅದು ತನ್ನ ಮೇಲೆ ಕಿತ್ತದ್ದನ್ನಷ್ಟೇ ಎಣಿಸುವ ಯಂತ್ರ. ಕುತ್ತಿಗೆಯ ಸುದ್ದಿ ಅದಕ್ಕೆ ಯಾರು ಹೇಳಬೇಕು?

ಮಹದೇವಪ್ರಸಾದ್ ಪ್ರಯೋಗಾಲಯಕ್ಕೆ ಫೋನ್ ಮಾಡಲಿಲ್ಲ. ನಂಜನಗೂಡಿಗೆ ಮಾಡಿದರು.

ಮಾರನೆಯ ದಿನ ಮಧ್ಯಾಹ್ನ ಪ್ರಯೋಗಾಲಯದ ಪರದೆಯ ಮೇಲೆ ಮಲಗಿದ್ದ ಗೆರೆ ಎದ್ದಿತು. ನೋಡನೋಡುತ್ತಿದ್ದಂತೆ ಪರದೆಯ ಮೇಲಂಚಿಗೆ ಹೋಗಿ ಮುಟ್ಟಿತು. ಈ ಯೋಜನೆಯಲ್ಲಿ ಅಷ್ಟು ದೊಡ್ಡ ಅಂಕಿಯನ್ನು ಯಾರೂ ನೋಡಿರಲಿಲ್ಲ. ಪಕ್ಕದಲ್ಲೇ ಕೆಂಪು ಚುಕ್ಕೆ. ಮೇದಿನಿ ಗಾಬರಿಯಾಗಿ ಫೋನ್ ತೆಗೆದುಕೊಂಡಳು.

“ಸರ್ವಮಂಗಳಮ್ಮ, ನೀವು ಮನೇಲಿದ್ದೀರಾ? ದಯವಿಟ್ಟು ಹೊರಗೆ ಹೋಗಿ. ಹುಡುಗಿ ತುಂಬಾ ಸಂಕಟದಲ್ಲಿದ್ದಾಳೆ.”

ಆ ಕಡೆಯಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಫೋನ್ ಕೆಟ್ಟಿದೆಯೇನೋ ಎಂದುಕೊಂಡಳು.

“ನೀವೊಂದ್ಸಲ ಇಲ್ಲಿಗೆ ಬನ್ನಿ ಮೇಡಮ್,” ಎಂದರು ಸರ್ವಮಂಗಳ. ದನಿ ಎತ್ತರವಿರಲಿಲ್ಲ. “ಇಷ್ಟು ದಿನ ನಾವು ಬರ್ತಿದ್ವಿ. ಇವತ್ತು ನೀವು ಬನ್ನಿ.”

ಮೇದಿನಿ ಅದುವರೆಗೂ ಪೊರೆ ಸುತ್ತಿಕೊಂಡವರ ಒಂದು ಮನೆಗೂ ಹೋಗಿರಲಿಲ್ಲ. ಸೊಕ್ಕೇನಲ್ಲ. ಹೊಸಬರು ಮನೆಗೆ ಹೋದರೆ ಅಂಕಿ ಕೆಡುತ್ತದೆ ಎಂದು ಅವಳೇ ಮಾಡಿದ ನಿಯಮ. ಅಂದು ನಿಯಮ ಮುರಿದು ಆಟೋ ಹತ್ತಿದಳು.

ಬಾಗಿಲು ತೆರೆದೇ ಇತ್ತು. ನಡುಮನೆಯ ಚಾಪೆಯ ಮೇಲೆ ಸರ್ವಮಂಗಳ ಕಾಲು ಚಾಚಿ ಕೂತಿದ್ದರು. ದಾಕ್ಷಾಯಿಣಿ ಅವರ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ಹಿಂಗತ್ತಿಗೆ ಬಿಳಿ ಪಟ್ಟಿ. ಗುಂಯ್ ಎನ್ನುತ್ತಿದ್ದದ್ದು ಅವಳೇ, ಉಸಿರು ತೆಗೆದುಕೊಳ್ಳಲು ಮಾತ್ರ ನಿಲ್ಲಿಸುತ್ತ. ಬಲಗೈ ಪೊರೆಯ ಮೇಲೆ ಓಡಾಡುತ್ತಿತ್ತು. ಅಂಚು ಹುಡುಕುವುದು, ಸುಲಿಯುವುದು, ಸುಲಿದದ್ದನ್ನು ಬೆಳಕಿಗೆ ಹಿಡಿದು ನೋಡಿ ಅಮ್ಮನ ಅಂಗೈಯಲ್ಲಿ ಇಡುವುದು. ಮತ್ತೆ ಅಂಚು ಹುಡುಕುವುದು. ಅಂಗೈ ತುಂಬಿದ ಕೂಡಲೇ ಸರ್ವಮಂಗಳ ಅದನ್ನು ಪಕ್ಕದ ತಟ್ಟೆಗೆ ಸುರಿದು ಮತ್ತೆ ಒಡ್ಡುತ್ತಿದ್ದರು. ಹುಡುಗಿ ನಗುತ್ತಿದ್ದಳು. ಬಾಯಲ್ಲಿ ಅಲ್ಲ, ಕಾಲಿನ ಬೆರಳುಗಳಲ್ಲಿ. ಅವು ಚಾಪೆಯ ಮೇಲೆ ಅರಳುತ್ತಿದ್ದವು, ಮಡಚಿಕೊಳ್ಳುತ್ತಿದ್ದವು.

“ಇದು ಸಂಕಟನಾ ಮೇಡಮ್?”

ಮೇದಿನಿ ಬಾಗಿಲ ಹತ್ತಿರವೇ ಕೂತಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ಹುಡುಗಿ ಆಸ್ಪತ್ರೆಯಲ್ಲೂ ಕೀಳುತ್ತಿದ್ದಳು, ಅಮ್ಮನ ತೊಡೆಯ ಮೇಲೂ ಕೀಳುತ್ತಾಳೆ. ಭಯಕ್ಕೂ ಅದೇ ಬೆರಳು, ಸುಖಕ್ಕೂ ಅದೇ ಬೆರಳು. ಅಮ್ಮ ಇದ್ದಾಗ ಹೆಚ್ಚು ಕೀಳುತ್ತಿದ್ದದ್ದು ಅಲ್ಲಿ ಯಾರಿಗೂ ಹೆದರಬೇಕಾಗಿರಲಿಲ್ಲ ಎಂಬ ಕಾರಣಕ್ಕೆ. ಅಮ್ಮ ಹೋದ ಮೇಲೆ ಪೊರೆ ಯಾಕೆ ಬೇಡವಾಯಿತು, ಕುತ್ತಿಗೆಯೇ ಯಾಕೆ ಬೇಕಾಯಿತು ಎಂಬುದನ್ನು ಯಾರು ಹೇಳಬಲ್ಲರು? ಮಾತಿಲ್ಲದ ಹುಡುಗಿಯಂತೂ ಹೇಳುವಂತಿಲ್ಲ. ಊಹಿಸಬಹುದು, ಅಷ್ಟೆ. ಊಹಿಸಿದ್ದನ್ನು ಅಂಕಿ ಎಂದು ಕರೆದದ್ದರಿಂದಲೇ ಇಷ್ಟೆಲ್ಲ ಆಗಿತ್ತು.

“ನಾನೀಗ ಎದ್ದು ಹೋಗಲ್ಲ,” ಎಂದರು ಸರ್ವಮಂಗಳ. “ನಿಮ್ಮ ಗೆರೆ ಎಲ್ಲಿಗಾದ್ರೂ ಏರ್ಲಿ. ನಿಯಮ ಇದೆ ಅಂದ್ರಲ್ಲ, ಪೊರೆ ವಾಪಸ್ ತಗೊಂಡು ಹೋಗೋ ಹಾಗಿದ್ರೆ ತಗೊಂಡು ಹೋಗಿ. ಅವಳ ಕೈ ಏನಾಗುತ್ತೋ ಅಂತ ಜೀವ ಹೊಡ್ಕೊಳುತ್ತೆ. ಆದ್ರೂ ಎದ್ದು ಹೋಗಲ್ಲ.”

ಮೇದಿನಿ ಪೊರೆಯನ್ನು ತೆಗೆದುಕೊಂಡು ಹೋಗಲಿಲ್ಲ. ಅಂಚಿನಲ್ಲಿ ಹೊರಗೆ ಇಣುಕುತ್ತಿದ್ದ ಬೆಳ್ಳಿಯ ಎಳೆಯನ್ನು ಹಿಡಿದು ಮೆಲ್ಲಗೆ ಎಳೆದು ತೆಗೆದಳು. ಪೊರೆ ಹರಿಯಲಿಲ್ಲ. ಅದು ಬೆಳೆಯಲು ತೆಂಗಿನ ನೀರು ಸಾಕು, ಬೆಳ್ಳಿ ಬೇಡ. ಪ್ರಯೋಗಾಲಯದ ಪರದೆಯಲ್ಲಿ ಆ ಮನೆಯ ಗೆರೆ ಅಲ್ಲಿಗೆ ಕಡಿದುಹೋಯಿತು. ಸರ್ವಮಂಗಳ ತಾಳಿಸರದಿಂದ ಗುಂಡಿ ಬಿಚ್ಚಿ ಅವಳ ಕೈಗೆ ಕೊಟ್ಟರು. ಕಾಫಿ ಕುಡಿದು ಹೋಗಿ ಎಂದರು. ಮಗಳ ತಲೆ ತೊಡೆಯ ಮೇಲಿದ್ದದ್ದರಿಂದ ಮಹದೇವಪ್ರಸಾದರೇ ಮಾಡಿ ಕೊಟ್ಟರು. ಸಕ್ಕರೆ ಜಾಸ್ತಿಯಾಗಿತ್ತು.

ನಿರ್ದೇಶಕರು ಕೆಟ್ಟ ಮನುಷ್ಯರೇನಲ್ಲ. ಮೇದಿನಿ ಹೇಳಿದ್ದನ್ನು ಕೊನೆಯವರೆಗೂ ಕೇಳಿದರು.

“ಒಂದು ಮನೆ ನೋಡ್ಕೊಂಡು ಬಂದು ಎಲ್ಲಾ ಮನೆ ಬಗ್ಗೆ ತೀರ್ಮಾನ ಮಾಡೋದು ವಿಜ್ಞಾನ ಅಲ್ಲ ಮೇದಿನಿ. ಬೇರೆ ಮಕ್ಕಳಿಗೆ ನಿಜವಾಗ್ಲೂ ಸಂಕಟ ಆಗಿರಬಹುದಲ್ವಾ? ಮತ್ತೆ ಪರೀಕ್ಷೆ ಮಾಡೋಣ. ಅಲ್ಲೀವರೆಗೂ ಸುಮ್ನಿರಿ.”

“ಒಂದು ಮನೇನೂ ನೋಡದೆ ತೀರ್ಮಾನ ಮಾಡಿದ್ವಲ್ಲ ಸಾರ್, ಅದು ವಿಜ್ಞಾನ ಆಗಿತ್ತಾ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸುಮ್ನಿರಿ ಎಂದು ಇನ್ನೊಮ್ಮೆ ಹೇಳಲಿಲ್ಲ. ಮೇದಿನಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ದೂರ ಇರಿ ಎಂದು ತಾನು ಸಲಹೆ ಕಳಿಸಿದ್ದ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡತೊಡಗಿದಳು.

ತುಮಕೂರಿನ ಒಂದು ಮನೆಯಲ್ಲಿ ಪೊರೆ ಸುತ್ತಿಕೊಂಡ ಹುಡುಗನ ತಮ್ಮನನ್ನು ಹಾಸ್ಟೆಲ್ಲಿಗೆ ಸೇರಿಸಿದ್ದರು. ವಾರದೊಳಗೆ ಕರೆದುಕೊಂಡು ಬರುತ್ತೇವೆ ಎಂದರು. ಕುಂದಾಪುರದಲ್ಲಿ ಸಾಕುನಾಯಿಯನ್ನು ಯಾರಿಗೋ ಕೊಟ್ಟಿದ್ದರು, ಅವರು ಊರು ಬಿಟ್ಟಿದ್ದರು. ಒಬ್ಬರು ಬೈದರು. ಒಬ್ಬರು ನಂಬಲೇ ಇಲ್ಲ, ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಅವಳಿಗೇ ಪಾಠ ಹೇಳಿದರು.

ಗದಗದಲ್ಲಿ ಶಾಂತವ್ವ ಎಂಬಾಕೆ ಫೋನ್ ಎತ್ತಿದರು. ಪೊರೆ ಸುತ್ತಿಕೊಂಡವನು ಅವರ ಮಗ, ಹನ್ನೊಂದು ವರ್ಷದ ಕೊಟ್ರೇಶ. ದೂರ ಇರಬೇಕು ಎಂದು ಯಂತ್ರ ಹೇಳಿದ್ದು ಅವನ ಅಜ್ಜಿಯ, ಅಂದರೆ ಶಾಂತವ್ವನ ಅತ್ತೆಯ, ಹೆಸರನ್ನು.

“ಭಾಳ ಉಪಕಾರ ಆತ್ರಿ ಮೇಡಂ ನಿಮ್ಮಿಂದ,” ಎಂದರು ಶಾಂತವ್ವ, ಹೆಸರು ಕೇಳಿದ ಕೂಡಲೇ. “ಈಗ ಅಂವ ಒಂದ ಸಲನೂ ಕೀಳೂದಿಲ್ರಿ. ಸುಮ್ನ ಗ್ವಾಡಿ ನೋಡಕೋತ ಕುಂತಿರ್ತಾನ. ಒಂಚೂರೂ ತ್ರಾಸ ಕೊಡೂದಿಲ್ಲ.”

“ಅಜ್ಜಿ ಎಲ್ಲಿದ್ದಾರೆ ಈಗ?”

“ನಮ್ಮ ಮೈದುನನ ಮನ್ಯಾಗ ಇಟ್ಟಿದ್ವಿರಿ, ನೀವು ಹೇಳಿದಂಗ. ಎಳ್ಳಮಾಸಿ ಹಬ್ಬ ಆದಮ್ಯಾಲೆ ತೀರಿಕೊಂಡ್ಲರಿ. ಕಡೀಕ ಕೊಟ್ರೇಶನ್ನ ನೋಡ್ತೀನಂದ್ಲು. ಮತ್ತ ತಾನ ಬ್ಯಾಡಂದ್ಲು. ನಾ ಹತ್ರ ಹ್ವಾದ್ರ ಹುಡುಗಗ ಸಂಕಟ ಆಕ್ಕೈತಿ, ಕರಕೊಂಡ ಬರಬ್ಯಾಡ್ರಿ ಅಂದ್ಲು.”

ಮೇದಿನಿ ಎದುರಿಗಿದ್ದ ಹೆಸರುಗಳ ಪಟ್ಟಿಯನ್ನು ಮಗುಚಿ ಹಾಕಿದಳು.

“ಮತ್ತ ಫೋನ್ ಯಾಕ ಮಾಡಿದ್ರಿ ಮೇಡಂ? ಏನರ ಆಗೈತೇನ್ರಿ?”

ಆರೋಗ್ಯ ವಿಚಾರಿಸಲು ಮಾಡಿದೆ ಎಂದು ಹೇಳಿ ಇಟ್ಟುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಗೋಡೆ ನೋಡುತ್ತ ಕೂತ ಹುಡುಗ ಇನ್ನೂ ಅಲ್ಲೇ ಇದ್ದ. ಅವನ ಹಿಂಗತ್ತನ್ನೋ ಬೆನ್ನನ್ನೋ ಯಾರಾದರೂ ತೆರೆದು ನೋಡಬೇಕಾಗಿತ್ತು.

“ನಾವು ತಪ್ಪು ಹೇಳಿದ್ವಿ ಶಾಂತವ್ವ,” ಎಂದಳು ಮೇದಿನಿ. “ಅವನು ಅಜ್ಜಿ ಹತ್ರ ಇದ್ದಾಗ ಹೆಚ್ಚು ಕೀಳ್ತಿದ್ದದ್ದು ಸಂಕಟಕ್ಕೆ ಅಲ್ಲ ಅನ್ಸುತ್ತೆ. ಖುಷಿಗೆ. ಮೊದಲು ಅವನ ಅಂಗಿ ಬಿಚ್ಚಿ ಎಲ್ಲಾದ್ರೂ ಗಾಯ ಆಗಿದೆಯಾ ನೋಡಿ.”

ಆ ಕಡೆ ಫೋನನ್ನು ಎಲ್ಲೋ ಇಟ್ಟ ಸದ್ದು, ಹೆಜ್ಜೆಯ ಸದ್ದು, ಬಾ ತಮ್ಮಾ ಎಂದು ಕರೆದ ದನಿ. ಆಮೇಲೆ ಶಾಂತವ್ವ ಒಂದು ಸಲ ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು. ಮೇದಿನಿ ಕಾದಳು.

ಫೋನ್ ಮತ್ತೆ ಎತ್ತಿಕೊಂಡಾಗ ಶಾಂತವ್ವ ಗಾಯದ ಸುದ್ದಿ ಹೇಳಲಿಲ್ಲ.

“ಹಂಗಂದ್ರ ಅಂವ ಆಕೀನ ನೋಡಿ ಖುಷಿ ಆಗ್ತಿದ್ನೇನ್ರಿ?”

“ಹೌದು.”

“ಆಕಿಗೆ ಇದು ಗೊತ್ತಾಗ್ಲೇ ಇಲ್ಲಲ್ರಿ ಮೇಡಂ.”